ಒಂದೂವರೆ ಪೂಡ್ ಹಿಟ್ಟು

ರಷ್ಯಾದ ಕ್ರಾಂತಿ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರೋದು ಒಂದೇ ಚಿತ್ರ. ಕೈ ಎತ್ತಿ ಭಾಷಣ ಮಾಡುತ್ತಿರುವ ಲೆನಿನ್, ಕೆಂಪು ಬಾವುಟ, ಅರಮನೆಗೆ ನುಗ್ಗುತ್ತಿರುವ ಜನ. ಹೈಸ್ಕೂಲಿನಲ್ಲಿ ನಮಗೆ ಸಿಕ್ಕಿದ್ದೂ ಅಷ್ಟೇ. ಕಾರಣಗಳು ಐದು, ಪರಿಣಾಮಗಳು ಐದು ಅಂತ ಉರು ಹೊಡೆದು, ನಾಲ್ಕು ಮಾರ್ಕಿನ ಪ್ರಶ್ನೆಗೆ ಉತ್ತರ ಬರೆದು ಮರೆತವರು ನಾವು :)

ದೊಡ್ಡವರಾದ ಮೇಲೆ ಈ ವಿಷಯ ಮಾತಿಗೆ ಬಂದರೆ ಅದು ಜಗಳವೇ. ಒಬ್ಬರು "ಲೆನಿನ್ ಇಲ್ಲದಿದ್ದರೆ ಆ ದೇಶದ ಬಡವರು ಏನಾಗ್ತಿದ್ರು?" ಅಂತಾರೆ. ಇನ್ನೊಬ್ಬರು "ಎಷ್ಟು ಲಕ್ಷ ಜನರನ್ನ ಕೊಂದರು ಗೊತ್ತಾ?" ಅಂತಾರೆ. ಇಬ್ಬರೂ ಮಾತಾಡೋದು ನಾಯಕರ ಬಗ್ಗೆ, ಸಿದ್ಧಾಂತದ ಬಗ್ಗೆ. ನನಗೆ ಮಾತ್ರ ಓದುವಾಗೆಲ್ಲ ಒಂದು ಸಣ್ಣ ಪ್ರಶ್ನೆ ಕಾಡುತ್ತಾ ಬಂದಿದೆ. ಆ ದಿನಗಳಲ್ಲಿ ಪೆತ್ರೋಗ್ರಾದ್ ನಗರದ ಒಂದು ಸಾಧಾರಣ ಮನೆಯಲ್ಲಿ ರಾತ್ರಿ ಊಟಕ್ಕೆ ಏನಿತ್ತು?

ನಗೆಪಾಟಲಿನ ಪ್ರಶ್ನೆ ಅನ್ನಿಸಬಹುದು. ಆದರೆ ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು 1914ರಿಂದ 1922ರವರೆಗೆ ನಡೆದು ನೋಡಿ. ಚಕ್ರವರ್ತಿ ಯಾಕೆ ಬಿದ್ದ, ಲೆನಿನ್ ಯಾಕೆ ಗೆದ್ದ, ಗೆದ್ದ ಮೇಲೆ ಆ ಸರ್ಕಾರ ಯಾಕೆ ಹಾಗಾಯಿತು ಅನ್ನೋದೆಲ್ಲ ಬ್ರೆಡ್ಡಿನ ತುಂಡಿನ ಸುತ್ತ ಸುತ್ತಿಕೊಂಡಿರೋದು ಕಾಣುತ್ತೆ.

ಧಾನ್ಯ ಇತ್ತು, ಬ್ರೆಡ್ ಇರಲಿಲ್ಲ

1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. "ಸೇಂಟ್ ಪೀಟರ್ಸ್‌ಬರ್ಗ್" ಅನ್ನೋ ಹೆಸರು ಜರ್ಮನ್ ಥರ ಕೇಳುತ್ತೆ ಅಂತ ರಾಜಧಾನಿಯ ಹೆಸರನ್ನೇ ಪೆತ್ರೋಗ್ರಾದ್ ಅಂತ ಬದಲಾಯಿಸಿದರು. ವೋಡ್ಕಾ ಮಾರಾಟ ನಿಲ್ಲಿಸಿದರು. ಸರ್ಕಾರದ ಆದಾಯದಲ್ಲಿ ಸುಮಾರು ಕಾಲುಭಾಗ ಬರುತ್ತಿದ್ದುದು ಆ ವೋಡ್ಕಾದಿಂದಲೇ! ಯುದ್ಧದ ಖರ್ಚು ಏರುವ ಹೊತ್ತಿಗೇ ಆದಾಯಕ್ಕೆ ಕತ್ತರಿ. ಉಳಿದ ದಾರಿ ಒಂದೇ, ನೋಟು ಅಚ್ಚು ಹಾಕೋದು. ಹಾಕಿದರು, ಬೆಲೆ ಏರಿತು.

ಯುದ್ಧದುದ್ದಕ್ಕೂ ಸೈನ್ಯಕ್ಕೆ ಸೇರಿಸಿಕೊಂಡವರು ಸುಮಾರು ಒಂದೂವರೆ ಕೋಟಿ ಗಂಡಸರು. ಹೆಚ್ಚಿನವರು ರೈತರು. ಅವರ ಜೊತೆ ಊರಿನ ಕುದುರೆಗಳೂ ಹೋದವು. ಹೊಲ ಹೆಂಗಸರ, ಮುದುಕರ, ಮಕ್ಕಳ ಪಾಲಿಗೆ ಬಿತ್ತು. ಪಶ್ಚಿಮದ ಗಡಿಯಿಂದ ಯುದ್ಧಕ್ಕೆ ಹೆದರಿ ಓಡಿಬಂದವರು, ಸೈನ್ಯವೇ ಓಡಿಸಿದವರು ಎಲ್ಲ ಸೇರಿ ಸುಮಾರು 60 ಲಕ್ಷ ನಿರಾಶ್ರಿತರು ದೇಶದೊಳಗೇ ಅಲೆಯತೊಡಗಿದರು.

ಇಲ್ಲಿ ಒಂದು ವಿಚಿತ್ರ ಇದೆ ನೋಡಿ. ಯುದ್ಧಕ್ಕೆ ಮುಂಚೆ ರಷ್ಯಾ ಜಗತ್ತಿಗೇ ಗೋಧಿ ಮಾರುತ್ತಿದ್ದ ದೇಶ. ತುರ್ಕಿಯವರು ಕಪ್ಪು ಸಮುದ್ರದ ಬಾಗಿಲು ಮುಚ್ಚಿದ ಮೇಲೆ ಆ ರಫ್ತು ನಿಂತುಹೋಯಿತು. ಅಂದರೆ ಧಾನ್ಯ ದೇಶದೊಳಗೇ ಉಳಿಯಿತು. ಹಾಗಿದ್ದರೆ ನಗರದಲ್ಲಿ ಬ್ರೆಡ್ಡಿಗೆ ಕೊರತೆ ಯಾಕೆ ಬರಬೇಕು?

ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥವಾಗುತ್ತೆ. ಇದು ಪಕ್ಕಾ ಡೆಡ್‌ಲಾಕ್. ಕಾರ್ಖಾನೆಗಳೆಲ್ಲ ಗುಂಡು, ತೋಪು ಮಾಡುವುದಕ್ಕೆ ತಿರುಗಿದ್ದವು. ರೈತನಿಗೆ ಬೇಕಾದ ಮೊಳೆ, ನೇಗಿಲು, ಬಟ್ಟೆ, ಸೀಮೆಎಣ್ಣೆ ಮಾರುಕಟ್ಟೆಯಲ್ಲಿ ಇಲ್ಲ. ಧಾನ್ಯ ಮಾರಿದರೆ ಸಿಗೋದು ದಿನದಿನಕ್ಕೆ ಬೆಲೆ ಕಳೆದುಕೊಳ್ಳುವ ನೋಟು. ಹಾಗಾಗಿ ರೈತ ಮಾರಲಿಲ್ಲ. ಕಣಜದಲ್ಲಿಟ್ಟ, ದನಕ್ಕೆ ಹಾಕಿದ, ಕದ್ದು ಸಾರಾಯಿ ಕಾಯಿಸಿದ. ಆ ಕಡೆ ಬ್ರೆಡ್ ಸಿಗದ ಕಾರ್ಮಿಕ ಕೆಲಸ ಬಿಟ್ಟ, ಮುಷ್ಕರ ಹೂಡಿದ. ಸಾಮಾನು ಇನ್ನೂ ಕಡಿಮೆಯಾಯಿತು. ಅವನು ಕೊಡಲಿ ಅಂತ ಇವನು, ಇವನು ಕೊಡಲಿ ಅಂತ ಅವನು. ನಡುವೆ ಧಾನ್ಯ ಸಾಗಿಸಬೇಕಾದ ರೈಲು ಸೈನ್ಯದ ಕೆಲಸದಲ್ಲಿ ಮುಳುಗಿತ್ತು.

ಬಿಡಿಸೋದು ಹೇಗೆ? 1916ರ ಕೊನೆಯಲ್ಲಿ ಚಕ್ರವರ್ತಿಯ ಕೃಷಿಮಂತ್ರಿ ರಿತ್ತಿಖ್ ಒಂದು ದಾರಿ ಹುಡುಕಿದ. ಪ್ರತಿ ಪ್ರಾಂತ್ಯ ಇಷ್ಟಿಷ್ಟು ಧಾನ್ಯ ಸರ್ಕಾರಕ್ಕೆ ಗೊತ್ತಾದ ಬೆಲೆಗೆ ಕೊಡಲೇಬೇಕು ಅಂತ ಪಾಲು ಹಾಕಿದ. ಅದರ ಹೆಸರು "ರಜ್ವ್ಯೋರ್ಸ್ತ್ಕಾ". ನಾಲಿಗೆ ಹೊರಳದಿದ್ದರೆ ಬಿಡಿ, ನಮಗೆ ಗೊತ್ತಿರುವ ಪದವೇ ಇದೆ, "ಲೆವಿ". ಎರಡನೇ ಮಹಾಯುದ್ಧದ ಕಾಲದಲ್ಲಿ, ಸ್ವಾತಂತ್ರ್ಯದ ನಂತರವೂ, ನಮ್ಮ ಕಡೆ ಭತ್ತ, ರಾಗಿಗೆ ಲೆವಿ ಹಾಕುತ್ತಿದ್ದುದನ್ನು ಹಳಬರು ಹೇಳ್ತಾರಲ್ಲ, ಆ ಜಾತಿಯದೇ.

ಈ ಪದವನ್ನ ನೆನಪಿಟ್ಟುಕೊಳ್ಳಿ. ರೈತನ ಕಣಜದ ಮೇಲೆ ಪಾಲು ಹಾಕುವುದು ಕಮ್ಯುನಿಸ್ಟರು ಕಂಡುಹಿಡಿದ ಉಪಾಯ ಅಂತ ಬಹಳ ಜನ ಅಂದುಕೊಂಡಿದಾರೆ. ಅಲ್ಲ. ಅದು ಯುದ್ಧದ ಕೂಸು. ತೊಟ್ಟಿಲು ಕಟ್ಟಿದ್ದು ಚಕ್ರವರ್ತಿಯ ಸರ್ಕಾರ.

ಹೆಂಗಸರ ಸಾಲು, ಸೈನಿಕರ "ನೀವು"

1917ರ ಚಳಿಗಾಲ. ಪೆತ್ರೋಗ್ರಾದಿನ ಹೆಂಗಸರು ಬೇಕರಿ ಮುಂದೆ ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದರು. ಹಗಲೆಲ್ಲ ಮಿಲ್ಲಿನಲ್ಲಿ ದುಡಿತ, ರಾತ್ರಿ ಹಿಮದಲ್ಲಿ ಕ್ಯೂ. ಗಂಡ ಯುದ್ಧದಲ್ಲಿ. ಆ ಕ್ಯೂಗಳೇ ಒಂಥರಾ ಸಭೆಗಳಾಗಿಬಿಟ್ಟವು.

ಮಾರ್ಚ್ 8, ಅಂತರರಾಷ್ಟ್ರೀಯ ಮಹಿಳಾ ದಿನ. ರಷ್ಯಾದಲ್ಲಿ ಆಗ ಹಳೇ ಪಂಚಾಂಗ, ಹಾಗಾಗಿ ಅವರ ಲೆಕ್ಕಕ್ಕೆ ಫೆಬ್ರವರಿ 23. ವೀಬೋರ್ಗ್ ಭಾಗದ ಬಟ್ಟೆ ಮಿಲ್ಲುಗಳ ಹೆಂಗಸರು "ಬ್ರೆಡ್ ಕೊಡಿ" ಅಂತ ಬೀದಿಗಿಳಿದರು. ಪಕ್ಕದ ಕಾರ್ಖಾನೆಗಳ ಗಂಡಸರನ್ನೂ ಕರೆದು ಹೊರಡಿಸಿದರು. ನಾಲ್ಕು ದಿನದ ನಂತರ, ಗುಂಡು ಹಾರಿಸಿ ಅಂತ ಆಜ್ಞೆ ಪಡೆದಿದ್ದ ಸೈನಿಕರೇ ದಂಗೆ ಎದ್ದರು. ಮೂರು ಶತಮಾನ ಆಳಿದ ರೊಮಾನೊವ್ ವಂಶ ಒಂದು ವಾರದಲ್ಲಿ ಮುಗಿದುಹೋಯಿತು.

ಆ ದಿನಗಳಲ್ಲಿ ಪೆತ್ರೋಗ್ರಾದ್ ಸೋವಿಯತ್ ಹೊರಡಿಸಿದ ಮೊದಲ ಆಜ್ಞೆಯಲ್ಲಿ ಒಂದು ಅಂಶ ನನಗೆ ಬಹಳ ಇಷ್ಟ. ಅಧಿಕಾರಿಗಳು ಇನ್ನು ಮುಂದೆ ಸೈನಿಕರನ್ನು "ತಿ" ಅಂತ ಏಕವಚನದಲ್ಲಿ ಕರೆಯುವಂತಿಲ್ಲ! ಇಂಗ್ಲಿಷಿನಲ್ಲಿ ಇದನ್ನು ಓದಿದರೆ ವಿವರಣೆ ಬೇಕು. ನಮಗೆ ಬೇಡ. "ಏ, ಬಾರೋ ಇಲ್ಲಿ" ಮತ್ತು "ಬನ್ನಿ ಇಲ್ಲಿ" ನಡುವೆ ಎಷ್ಟು ದೂರ ಇದೆ ಅಂತ ಕನ್ನಡದವರಿಗೆ ಗೊತ್ತು. ಮೂರು ವರ್ಷ ಕೆಸರಿನಲ್ಲಿ ಸಾಯಲು ಕಳಿಸಿದವರು ಕೊನೇಪಕ್ಷ "ನೀವು" ಅನ್ನಲಿ ಅಂತ ಸೈನಿಕ ಕೇಳಿದ. ಕ್ರಾಂತಿ ಅಂದರೆ ಬರೀ ಹೊಟ್ಟೆಯ ವಿಷಯ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಸಿಕ್ಕಿಲ್ಲ.

ಹೊಸದಾಗಿ ಬಂದ ತಾತ್ಕಾಲಿಕ ಸರ್ಕಾರ ಧಾನ್ಯದ ಏಕಸ್ವಾಮ್ಯ ತನ್ನದು ಅಂತ ಘೋಷಿಸಿತು, ಬ್ರೆಡ್ಡಿಗೆ ರೇಷನ್ ಕಾರ್ಡು ತಂತು. ಆದರೆ ಯುದ್ಧ ನಿಲ್ಲಿಸಲಿಲ್ಲ. ಬೇಸಿಗೆಯಲ್ಲಿ ಹೊಸ ದಾಳಿ ಮಾಡಿ ಸೋತಿತು. ಯುದ್ಧ ನಿಲ್ಲದೆ ಡೆಡ್‌ಲಾಕ್ ಬಿಡಿಸೋದು ಸಾಧ್ಯವೇ ಇರಲಿಲ್ಲ. ಹಳ್ಳಿಗಳಲ್ಲಿ ಜಮೀನುದಾರರ ಭೂಮಿಯನ್ನು ಹಂಚುತ್ತಿದಾರೆ ಅನ್ನೋ ಸುದ್ದಿ ಕೇಳಿ, ತನ್ನ ಪಾಲು ತಪ್ಪಿಹೋದೀತು ಅಂತ ಸೈನಿಕರು ಗುಂಪುಗುಂಪಾಗಿ ಮನೆ ಕಡೆ ಹೊರಟರು. ನವೆಂಬರಿನಲ್ಲಿ (ಅವರ ಅಕ್ಟೋಬರ್) ಲೆನಿನ್‌ನ ಬೋಲ್ಶೆವಿಕ್ ಪಕ್ಷ ಅಧಿಕಾರ ಹಿಡಿಯಿತು. ಮರುದಿನವೇ ಎರಡು ಘೋಷಣೆ ಹೊರಬಂತು. ಒಂದು ಶಾಂತಿಯದು, ಇನ್ನೊಂದು ಭೂಮಿಯದು. ಜನರಿಗೆ ಬೇಕಾಗಿದ್ದುದೂ ಅದೇ.

50 ಗ್ರಾಂ

ಆದರೆ ಶಾಂತಿಗೆ ಬೆಲೆ ಇತ್ತು. 1918ರ ಮಾರ್ಚ್ 3ರಂದು ಜರ್ಮನಿಯ ಜೊತೆ ಬ್ರೆಸ್ಟ್-ಲಿತೋವ್ಸ್ಕ್ ಒಪ್ಪಂದ ಆಯಿತು. ಧಾನ್ಯದ ಕಣಜವಾದ ಉಕ್ರೇನ್ ಜರ್ಮನ್ನರ ಹಿಡಿತಕ್ಕೆ ಹೋಯಿತು. ಮೇ ತಿಂಗಳಲ್ಲಿ ಸೈಬೀರಿಯಾದ ರೈಲುದಾರಿಯುದ್ದಕ್ಕೂ ಚದುರಿಕೊಂಡಿದ್ದ ಚೆಕೊಸ್ಲೊವಾಕ್ ಸೈನ್ಯ ತಿರುಗಿಬಿತ್ತು. ವೋಲ್ಗಾದ ನಡುಭಾಗ, ಸೈಬೀರಿಯಾ ಕೈತಪ್ಪಿದವು. ದಕ್ಷಿಣದಲ್ಲಿ ಹಳೇ ಅಧಿಕಾರಿಗಳ ಬಿಳಿ ಸೈನ್ಯ ಕಟ್ಟಿಕೊಳ್ಳುತ್ತಿತ್ತು. ಮ್ಯಾಪ್ ತೆಗೆದು ನೋಡಿದರೆ ಬೋಲ್ಶೆವಿಕ್ಕರ ಕೈಲಿ ಉಳಿದದ್ದು ನಡುವಿನ ಭಾಗ. ಕಾರ್ಖಾನೆ ಇದ್ದ, ಬಾಯಿ ಹೆಚ್ಚಿದ್ದ, ಹೊಲ ಸಾಲದ ಭಾಗ.

ಆ ವಸಂತದಲ್ಲಿ ಪೆತ್ರೋಗ್ರಾದಿನಲ್ಲಿ ಕೆಲವು ದಿನ ರೇಷನ್ ಎಷ್ಟು ಗೊತ್ತಾ? ದಿನಕ್ಕೆ ಒಬ್ಬರಿಗೆ ಸುಮಾರು 50 ಗ್ರಾಂ ಬ್ರೆಡ್. ಈಗಿನ ಸ್ಯಾಂಡ್‌ವಿಚ್ ಬ್ರೆಡ್ಡಿನ ಎರಡು ಸ್ಲೈಸ್. ಅದರಲ್ಲೂ ಹಿಟ್ಟಿನ ಜೊತೆ ಹೊಟ್ಟು, ಇನ್ನೇನೇನೋ ಬೆರೆತಿರುತ್ತಿತ್ತು.

ಸರ್ಕಾರದ ಉತ್ತರ "ಆಹಾರ ಸರ್ವಾಧಿಕಾರ". ಹೆಸರೇ ಅದು. 1918ರ ಮೇನಲ್ಲಿ ಬಂದ ಆಜ್ಞೆಯ ಪ್ರಕಾರ ಮನೆಗೆ ಬೇಕಾದ್ದು ಮತ್ತು ಬೀಜಕ್ಕೆ ಬೇಕಾದ್ದು ಬಿಟ್ಟು ಉಳಿದ ಧಾನ್ಯ ಸರ್ಕಾರದ್ದು. ಅಡಗಿಸಿಟ್ಟವನು ಜನರ ಶತ್ರು. ನಗರದ ಕಾರ್ಮಿಕರಿಗೆ ಬಂದೂಕು ಕೊಟ್ಟು ಹಳ್ಳಿಗೆ ಕಳಿಸಿದರು. 1919ರ ಜನವರಿಯಲ್ಲಿ ಹಳೇ ಲೆವಿ ಹೊಸ ರೂಪದಲ್ಲಿ, ಹಳೇ ಹೆಸರಲ್ಲೇ, ವಾಪಸ್ ಬಂತು. ಈ ಸಲ ಲೆಕ್ಕ ರೈತನ ಮನೆಯಿಂದ ಶುರುವಾಗಲಿಲ್ಲ. ರಾಜ್ಯಕ್ಕೆ ಎಷ್ಟು ಬೇಕು ಅನ್ನೋದರಿಂದ ಶುರುವಾಗಿ, ಪ್ರಾಂತ್ಯಕ್ಕಿಷ್ಟು, ಜಿಲ್ಲೆಗಿಷ್ಟು, ಹಳ್ಳಿಗಿಷ್ಟು ಅಂತ ಇಳಿದುಬಂತು. ಕೊನೆಗೆ ನಿಮ್ಮ ಬಾಗಿಲಿಗೆ ಬಂದಾಗ ಕಣಜದಲ್ಲಿ ಅಷ್ಟಿದೆಯೋ ಇಲ್ಲವೋ ಕೇಳುವವರಿಲ್ಲ.

ನಗರದಲ್ಲಿ ರೇಷನ್ನಿಗೂ ವರ್ಗ ಬಂತು. ಮೈಮುರಿದು ದುಡಿಯುವ ಕಾರ್ಮಿಕರಿಗೆ ಹೆಚ್ಚು, ಗುಮಾಸ್ತರಿಗೆ ಕಡಿಮೆ, "ದುಡಿಯದ" ಹಳೇ ಶ್ರೀಮಂತರಿಗೆ ಎಲ್ಲಕ್ಕಿಂತ ಕಡಿಮೆ. ಕಾರ್ಡಿನ ಬಣ್ಣ, ನಂಬರು ನಿಮ್ಮ ಜಾತಕ ಆಯಿತು. ದೊಡ್ಡ ಮನೆಗಳಿಗೆ ಬೇರೆ ಕುಟುಂಬಗಳನ್ನು ತಂದು ತುಂಬಿದರು, ರೂಮಿಗೊಂದು ಸಂಸಾರ. ನಾಯಿಗಳ ಮೇಲಿನ ಪ್ರಯೋಗಕ್ಕೆ ಹೆಸರಾದ, 1904ರಲ್ಲೇ ನೊಬೆಲ್ ಪಡೆದಿದ್ದ ವಿಜ್ಞಾನಿ ಪಾವ್ಲೋವ್ ಗೊತ್ತಲ್ಲ? ಅವರ ಪ್ರಯೋಗಶಾಲೆಯ ನಾಯಿಗಳು ಹಸಿವಿನಿಂದ ಸತ್ತವು. ಪಾವ್ಲೋವ್ ತಾವೇ ತರಕಾರಿ ಬೆಳೆದುಕೊಳ್ಳುತ್ತಿದ್ದರು. 1921ರ ಜನವರಿಯಲ್ಲಿ ಅವರಿಗೆ ವಿಶೇಷ ರೇಷನ್ ಕೊಡಬೇಕು ಅಂತ ಲೆನಿನ್ ಸಹಿಯ ಆಜ್ಞೆಯೇ ಹೊರಡಬೇಕಾಯಿತು.

ಚೀಲ ಹೊತ್ತವರು

ಈಗ ನನ್ನ ಪ್ರಶ್ನೆಗೆ ಬರೋಣ. 50 ಗ್ರಾಂನಲ್ಲಿ, ಆಮೇಲೆ 100, 200 ಗ್ರಾಂನಲ್ಲಿ ಜನ ಬದುಕಿದ್ದು ಹೇಗೆ?

ಉತ್ತರ, ಚೀಲದಿಂದ. ರಷ್ಯನ್ನಿನಲ್ಲಿ ಇವರನ್ನ "ಮೆಷೋಚ್ನಿಕ್" ಅಂತಾರೆ. ಮೆಷೋಕ್ ಅಂದರೆ ಚೀಲ, ಮೆಷೋಚ್ನಿಕ್ ಅಂದರೆ ಚೀಲ ಹೊತ್ತವನು. ನಗರದ ಜನ ಮನೆಯಲ್ಲಿದ್ದ ಕೋಟು, ಗಡಿಯಾರ, ಮೇಜಿನ ಬಟ್ಟೆ, ಸೂಜಿದಾರ, ಏನಿದೆಯೋ ಅದನ್ನು ಗಂಟು ಕಟ್ಟಿ ರೈಲು ಹತ್ತುತ್ತಿದ್ದರು. ಬೋಗಿಯಲ್ಲಿ ಜಾಗ ಇಲ್ಲದಿದ್ದರೆ ಮೇಲ್ಛಾವಣಿ, ಬಂಪರು. ಹಳ್ಳಿಯಲ್ಲಿ ವಸ್ತು ಕೊಟ್ಟು ಹಿಟ್ಟು ತಗೊಂಡು ವಾಪಸ್. ಪಿಯಾನೋ ಕೊಟ್ಟು ಹಿಟ್ಟು ಪಡೆದ ಕತೆಗಳೂ ಇವೆ.

ಕಾನೂನಿನ ಪ್ರಕಾರ ಇದು ಕಳ್ಳವ್ಯಾಪಾರ. ರೈಲ್ವೆ ಸ್ಟೇಷನ್ನುಗಳಲ್ಲಿ, ನಗರದ ದಾರಿಗಳಲ್ಲಿ ತಡೆದಳಗಳನ್ನು ನಿಲ್ಲಿಸಿದ್ದರು. ಸಿಕ್ಕಿಬಿದ್ದರೆ ಚೀಲ ಜಪ್ತಿ, ಕೆಲವೊಮ್ಮೆ ಗುಂಡೇಟು. ಆದರೆ ಸಮಸ್ಯೆ ಏನಂದರೆ, ನಗರ ಉಸಿರಾಡುತ್ತಿದ್ದುದೇ ಈ ಕಳ್ಳದಾರಿಯಿಂದ! ಅಂತರ್ಯುದ್ಧದ ವರ್ಷಗಳಲ್ಲಿ ನಗರದ ಜನ ತಿಂದ ಬ್ರೆಡ್ಡಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಬಂದದ್ದು ಸರ್ಕಾರದ ರೇಷನ್ನಿನಿಂದಲ್ಲ, ಈ ಚೀಲಗಳಿಂದ ಅಂತ ಇತಿಹಾಸಕಾರರು ಲೆಕ್ಕ ಹಾಕಿದಾರೆ. 1918ರ ಶರತ್ಕಾಲದಲ್ಲಿ ಸರ್ಕಾರವೇ ಕೆಲವು ವಾರ ಮಣಿಯಿತು. ಮಾಸ್ಕೋ ಮತ್ತು ಪೆತ್ರೋಗ್ರಾದಿನ ಕಾರ್ಮಿಕರು ಹಳ್ಳಿಯಿಂದ ಒಂದೂವರೆ ಪೂಡ್‌ವರೆಗೆ ಹಿಟ್ಟು ತರಬಹುದು ಅಂತ ಅನುಮತಿ ಕೊಟ್ಟಿತು. ಒಂದು ಪೂಡ್ ಅಂದರೆ 16 ಕೆಜಿ ಚಿಲ್ಲರೆ. ಒಂದೂವರೆ ಅಂದರೆ ಸುಮಾರು 24 ಕೆಜಿ, ಬೆನ್ನ ಮೇಲೆ ಹೊರಬಹುದಾದ ಒಂದು ಚೀಲ. ಜನ ಮುಗಿಬಿದ್ದು ರೈಲು ಹತ್ತಿದರು. ಕೆಲವೇ ವಾರಗಳಲ್ಲಿ ಅನುಮತಿ ವಾಪಸ್!

ಯಾಕೆ ವಾಪಸ್? ಎಲ್ಲರೂ ತಾವೇ ಹೋಗಿ ತಂದುಕೊಂಡರೆ ಸರ್ಕಾರದ ಬೆಲೆಗೆ ಧಾನ್ಯ ಕೊಡುವವರು ಯಾರು? ಸೈನ್ಯಕ್ಕೆ ಏನು ಹಾಕೋದು? ಆ ತರ್ಕವೂ ಸುಳ್ಳಲ್ಲ. ಒಂದು ಮನೆ ಬದುಕುವ ದಾರಿ ಸೈನ್ಯದ ಅನ್ನಕ್ಕೆ ಕಲ್ಲು. ಸೈನ್ಯ ಬದುಕುವ ದಾರಿ ಮನೆಯ ಅನ್ನಕ್ಕೆ ಕಲ್ಲು. ಯುದ್ಧ ಅಂದರೆ ಇದೇ.

ಚೀಲ ಇಲ್ಲದವರ ಊಟ? ಸಾರ್ವಜನಿಕ ಊಟದ ಮನೆಯ ತೆಳ್ಳನೆ ಸೂಪು, ವೋಬ್ಲಾ ಅನ್ನೋ ಒಣಮೀನು, ಬರಗಿನ ಗಂಜಿ, ಚಹಾದ ಬದಲು ಹುರಿದ ಕ್ಯಾರೆಟ್ಟಿನ ನೀರು. ಸತ್ತ ಕುದುರೆ ಬೀದಿಯಲ್ಲಿ ಬಿದ್ದರೆ ಮಾಂಸ ಉಳಿಯುತ್ತಿರಲಿಲ್ಲ.

ಊಟದ ಜೊತೆ ಬೆಂಕಿಯೂ ಇಲ್ಲ. ದೋನ್ಬಾಸ್‌ನ ಕಲ್ಲಿದ್ದಲು, ಬಾಕುವಿನ ಎಣ್ಣೆ ಎರಡೂ ಯುದ್ಧದ ಆಚೆ ಬದಿಯಲ್ಲಿ. ಜನ ರೂಮಿನ ನಡುವೆ ಪುಟ್ಟ ಕಬ್ಬಿಣದ ಒಲೆ ಇಟ್ಟುಕೊಂಡರು. ಅದಕ್ಕೆ "ಬುರ್ಝುಯ್ಕಾ" ಅಂತ ಅಡ್ಡಹೆಸರು, ಹೆಚ್ಚುಕಮ್ಮಿ "ಶ್ರೀಮಂತರ ಮನೆಯಾಕೆ" ಅನ್ನೋ ಅರ್ಥ. ಬೇಲಿ, ಕುರ್ಚಿ, ನೆಲದ ಹಲಗೆ, ಪುಸ್ತಕ ಎಲ್ಲ ಅದರ ಬಾಯಿಗೆ. ಪೆತ್ರೋಗ್ರಾದಿನಲ್ಲಿ ಮರದ ಮನೆಗಳನ್ನೇ ಸೌದೆಗಾಗಿ ಕಿತ್ತರು. ನೀರಿನ ಪೈಪು ಹೆಪ್ಪುಗಟ್ಟಿ ಒಡೆದವು.

ಹೋಗಲು ಹಳ್ಳಿ ಇದ್ದವರು ಹಳ್ಳಿಗೆ ಹೋದರು. 1917ರಲ್ಲಿ 23 ಲಕ್ಷದಷ್ಟು ಜನರಿದ್ದ ಪೆತ್ರೋಗ್ರಾದಿನಲ್ಲಿ 1920ರ ಹೊತ್ತಿಗೆ ಉಳಿದವರು ಸುಮಾರು 7 ಲಕ್ಷ. ಮೂರರಲ್ಲಿ ಎರಡು ಪಾಲು ಜನ ಇಲ್ಲ! ರಾಜಧಾನಿಯನ್ನು 1918ರ ಮಾರ್ಚಿನಲ್ಲೇ ಮಾಸ್ಕೋಗೆ ಸಾಗಿಸಿದ್ದರು. ಆ ಮಾಸ್ಕೋ ಕೂಡ ಅರ್ಧ ಖಾಲಿ. ಕಾರ್ಮಿಕರ ಹೆಸರಿನಲ್ಲಿ ಆದ ಕ್ರಾಂತಿಯ ಕಾರ್ಮಿಕರೇ ಕರಗಿಹೋದರು. ಕೆಲವರು ಹಳ್ಳಿಗೆ, ಕೆಲವರು ಸೈನ್ಯಕ್ಕೆ, ಕೆಲವರು ಸರ್ಕಾರಿ ಕುರ್ಚಿಗೆ, ಕೆಲವರು ಸ್ಮಶಾನಕ್ಕೆ.

ರೈಲಿನಲ್ಲಿ ಚೀಲದ ಜೊತೆ ಇನ್ನೊಂದು ಜೀವಿಯೂ ಪ್ರಯಾಣ ಮಾಡುತ್ತಿತ್ತು, ಹೇನು. ಸೋಪಿಲ್ಲ, ಬಿಸಿನೀರಿಲ್ಲ, ಒಬ್ಬರ ಮೇಲೊಬ್ಬರು. ಹೇನಿನಿಂದ ಹರಡುವ ಟೈಫಸ್ ಜ್ವರ ಆ ನಾಲ್ಕೈದು ವರ್ಷಗಳಲ್ಲಿ ಕೋಟಿಗಟ್ಟಲೆ ಜನರನ್ನು ಹಿಡಿಯಿತು. ಸತ್ತವರು 20ರಿಂದ 30 ಲಕ್ಷ ಅಂತ ಅಂದಾಜು. ಒಂದೋ ಹೇನು ಸಮಾಜವಾದವನ್ನು ಸೋಲಿಸುತ್ತದೆ, ಇಲ್ಲವೇ ಸಮಾಜವಾದ ಹೇನನ್ನು ಅನ್ನೋ ಅರ್ಥದ ಮಾತನ್ನು 1919ರ ಡಿಸೆಂಬರಿನಲ್ಲಿ ಲೆನಿನ್ ಆಡಿದ್ದು ತಮಾಷೆಗಲ್ಲ.

ಬಂದವರೆಲ್ಲ ಕೇಳಿದ್ದು ಅದನ್ನೇ

ಇಷ್ಟೂ ನಗರದ ಕತೆ. ಹಳ್ಳಿಯಲ್ಲಿ ಏನಾಯಿತು?

ಸೈಬೀರಿಯಾದಲ್ಲಿ ಕೊಲ್ಚಾಕ್, ದಕ್ಷಿಣದಲ್ಲಿ ದೆನಿಕಿನ್, ಇವರ ಬಿಳಿ ಸೈನ್ಯ ಒಂದು ಕಡೆ. ತ್ರೋತ್ಸ್ಕಿಯ ಕೆಂಪು ಸೈನ್ಯ ಇನ್ನೊಂದು ಕಡೆ. ಎರಡಕ್ಕೂ ಹೆದರಿ ಕಾಡು ಸೇರಿದ "ಹಸಿರು" ಗುಂಪುಗಳು ಮತ್ತೊಂದು ಕಡೆ. ಕೀವ್ ನಗರ 1917ರಿಂದ 1920ರ ನಡುವೆ ಹತ್ತಕ್ಕೂ ಹೆಚ್ಚು ಸಲ ಕೈ ಬದಲಾಯಿಸಿತು. ನಾಳೆ ಯಾರ ನೋಟು ನಡೆಯುತ್ತೆ, ಯಾರ ಬಾವುಟ ಹಾರುತ್ತೆ ಅಂತ ಗೊತ್ತಿಲ್ಲದ ಬದುಕು. ಬಂದವರೆಲ್ಲ ಕೇಳಿದ್ದು ಧಾನ್ಯ, ಕುದುರೆ ಮತ್ತು ಮಗ.

ಕೆಂಪಿನವರು ಧಾನ್ಯ ಕಿತ್ತುಕೊಂಡರು. ಬಿಳಿಯವರೂ ಕಿತ್ತುಕೊಂಡರು. ಆದರೆ ಬಿಳಿಯವರ ಹಿಂದೆಯೇ ಹಳೇ ಜಮೀನುದಾರರೂ ಬಂದು "ಇದು ನನ್ನ ಭೂಮಿ" ಅಂದರು. ಬಹಳಷ್ಟು ರೈತರು ಕೊನೆಗೆ ಕೆಂಪಿನ ಕಡೆ ವಾಲಿದ್ದಕ್ಕೆ ಅಥವಾ ಸುಮ್ಮನಿದ್ದುದಕ್ಕೆ ದೊಡ್ಡ ಕಾರಣ ಇದು. ಪ್ರೀತಿಯಿಂದಲ್ಲ. ಒಬ್ಬ ಧಾನ್ಯ ಒಯ್ಯುತ್ತಾನೆ, ಇನ್ನೊಬ್ಬ ಧಾನ್ಯದ ಜೊತೆ ಹೊಲವನ್ನೂ ಒಯ್ಯುತ್ತಾನೆ ಅನ್ನೋ ಲೆಕ್ಕದಿಂದ. ಕೆಂಪು ಸೈನ್ಯ 1920ರ ಹೊತ್ತಿಗೆ ಕಾಗದದ ಮೇಲೆ 50 ಲಕ್ಷ ಆಗಿತ್ತು ನಿಜ. ಆದರೆ 1919ರ ಒಂದೇ ವರ್ಷದಲ್ಲಿ ಅದರಿಂದ ತಪ್ಪಿಸಿಕೊಂಡವರು ಹತ್ತು ಲಕ್ಷಕ್ಕೂ ಹೆಚ್ಚು.

ಎರಡೂ ಕಡೆ ಕ್ರೌರ್ಯಕ್ಕೆ ಮಿತಿ ಇರಲಿಲ್ಲ. 1918ರ ಆಗಸ್ಟ್ 30ರಂದು ಲೆನಿನ್ ಮೇಲೆ ಗುಂಡಿನ ದಾಳಿ ಆದ ಮೇಲೆ "ಕೆಂಪು ಭಯೋತ್ಪಾದನೆ" ಅಂತ ಸರ್ಕಾರವೇ ಘೋಷಿಸಿತು. ಚೆಕಾ ಅನ್ನೋ ರಹಸ್ಯ ಪೊಲೀಸರು ವಿಚಾರಣೆ ಇಲ್ಲದೆ ಕೊಂದರು, ಒತ್ತೆಯಾಳು ಹಿಡಿದರು. ಬಿಳಿಯವರು ಹಿಡಿದ ಊರುಗಳಲ್ಲೂ ಗಲ್ಲು, ಚಾಟಿ. ಉಕ್ರೇನಿನಲ್ಲಿ 1919ರಲ್ಲಿ ಯಹೂದಿಗಳ ಕಗ್ಗೊಲೆ ನಡೆಯಿತು. ಅದರಲ್ಲಿ ಉಕ್ರೇನಿಯನ್ ಪಡೆಗಳು, ಬಿಳಿಯವರು, ಪುಂಡು ಗುಂಪುಗಳು ಎಲ್ಲರ ಕೈಯೂ ಇತ್ತು, ಕೆಲವೆಡೆ ಕೆಂಪು ಪಡೆಗಳದೂ. ಸತ್ತವರು ಕಡಿಮೆ ಅಂದರೂ 50 ಸಾವಿರ.

ಗೆದ್ದ ಮೇಲೆ

1920ರ ನವೆಂಬರಿನಲ್ಲಿ ಬಿಳಿ ಸೈನ್ಯದ ಕೊನೆಯ ಸೇನಾಪತಿ ವ್ರಾಂಗೆಲ್ ಸುಮಾರು ಒಂದೂವರೆ ಲಕ್ಷ ಜನರೊಡನೆ ಕ್ರಿಮಿಯಾದಿಂದ ಹಡಗು ಹತ್ತಿದ. ದೊಡ್ಡ ಯುದ್ಧ ಮುಗಿಯಿತು. ಇನ್ನಾದರೂ ಲೆವಿ ನಿಲ್ಲುತ್ತೆ ಅಂತ ರೈತ ಕಾದ. ನಿಲ್ಲಲಿಲ್ಲ.

ನನ್ನ ಪ್ರಕಾರ ಇಡೀ ಕತೆಯ ತಿರುವು ಇಲ್ಲಿದೆ. ಅಲ್ಲಿಯವರೆಗೆ "ಯುದ್ಧ ನಡೀತಿದೆ, ಏನು ಮಾಡೋಣ" ಅನ್ನೋ ಮಾತಿಗೆ ಬೆಲೆ ಇತ್ತು. ಈಗ ಯುದ್ಧ ಇಲ್ಲ. ಆದರೆ ಅಭ್ಯಾಸ ಉಳಿದಿದೆ. ಆಡಳಿತದ ಭಾಷೆಯೇ ಸೈನ್ಯದ ಭಾಷೆಯಾಗಿತ್ತು. ದುಡಿಮೆಯ "ರಂಗ", ಆಹಾರದ "ರಂಗ", ಎಲ್ಲವೂ ಯುದ್ಧರಂಗವೇ. ಕೆಲಸ ಮುಗಿದ ಸೈನ್ಯದ ತುಕಡಿಗಳನ್ನು ಮನೆಗೆ ಕಳಿಸದೆ "ದುಡಿಮೆ ಸೈನ್ಯ" ಮಾಡಿ ಸೌದೆ ಕಡಿಯಲು ಹಚ್ಚಿದರು.

ತಂಬೋವ್ ಪ್ರಾಂತ್ಯದ ರೈತರು ದಂಗೆ ಎದ್ದರು. ಅವರ ಮೇಲೆ ಕೆಂಪು ಸೈನ್ಯವನ್ನು ಬಿಟ್ಟರು, ಹೆಂಡತಿಮಕ್ಕಳನ್ನು ಒತ್ತೆ ಇಟ್ಟುಕೊಂಡರು, ಕಾಡಿನಲ್ಲಿ ಅಡಗಿದವರ ಮೇಲೆ ವಿಷಾನಿಲ ಹಾಕಲು 1921ರ ಜೂನಿನಲ್ಲಿ ಆಜ್ಞೆ ಹೊರಟಿತು. ಅದಕ್ಕೂ ಮೊದಲು, 1921ರ ಜನವರಿಯಲ್ಲಿ, ದೊಡ್ಡ ನಗರಗಳ ಬ್ರೆಡ್ ರೇಷನ್ನನ್ನು ಮೂರರಲ್ಲಿ ಒಂದು ಪಾಲು ಕಡಿದರು. ಪೆತ್ರೋಗ್ರಾದಿನಲ್ಲಿ ಮುಷ್ಕರ ಶುರುವಾಯಿತು. ನಾಲ್ಕು ವರ್ಷದ ಹಿಂದಿನ ಅದೇ ತಿಂಗಳು, ಅದೇ ಊರು, ಅದೇ ಕೂಗು!

ಮಾರ್ಚಿನಲ್ಲಿ ಕ್ರೋನ್‌ಸ್ಟಾಟ್ ಕೋಟೆಯ ನಾವಿಕರು ತಿರುಗಿಬಿದ್ದರು. 1917ರಲ್ಲಿ ಕ್ರಾಂತಿಯ ಹೆಮ್ಮೆ ಅನ್ನಿಸಿಕೊಂಡಿದ್ದ ಕೋಟೆ ಅದು. ಅವರ ಬೇಡಿಕೆ ಪಟ್ಟಿ ಓದಿ ನೋಡಿ. ಗುಟ್ಟಿನ ಮತದಾನದಿಂದ ಸೋವಿಯತ್‌ಗಳಿಗೆ ಹೊಸ ಚುನಾವಣೆ, ಕಾರ್ಮಿಕರಿಗೆ ರೈತರಿಗೆ ಮಾತಿನ ಸ್ವಾತಂತ್ರ್ಯ, ಎಲ್ಲ ದುಡಿಯುವವರಿಗೂ ಸಮನಾದ ರೇಷನ್, ಮತ್ತು ಚೀಲ ಹಿಡಿಯುವ ತಡೆದಳಗಳನ್ನು ತೆಗೆಯಬೇಕು. ಹೌದು, ಮತ್ತೆ ಅದೇ ಚೀಲ. ಕೆಂಪು ಸೈನಿಕರು ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದುಹೋಗಿ ಮಾರ್ಚ್ 18ರ ಹೊತ್ತಿಗೆ ಕೋಟೆ ಹಿಡಿದರು. ಎರಡೂ ಕಡೆ ಸಾವಿರಾರು ಜನ ಸತ್ತರು.

ಆ ಕಾಳಗ ನಡೆಯುತ್ತಿದ್ದ ದಿನಗಳಲ್ಲೇ, ಮಾರ್ಚ್ 15ರಂದು, ಮಾಸ್ಕೋದಲ್ಲಿ ಪಕ್ಷದ ಹತ್ತನೇ ಅಧಿವೇಶನ ಲೆವಿಯನ್ನು ರದ್ದು ಮಾಡಲು ಒಪ್ಪಿತು. ಅದರ ಬದಲು ಗೊತ್ತಾದ ಒಂದು ತೆರಿಗೆ. ಅದನ್ನು ಕೊಟ್ಟ ಮೇಲೆ ಉಳಿದ ಧಾನ್ಯವನ್ನು ರೈತ ಮಾರಿಕೊಳ್ಳಬಹುದು. ಅಂದರೆ ಚೀಲ ಹೊತ್ತವರು ಗೆದ್ದರು. ಆದರೆ ಅದೇ ಅಧಿವೇಶನ ಪಕ್ಷದೊಳಗೆ ಬಣ ಕಟ್ಟುವುದನ್ನು ನಿಷೇಧಿಸಿತು. ಹೊಟ್ಟೆಯ ಬಾಗಿಲು ತೆರೆದು ಬಾಯಿಯ ಬಾಗಿಲು ಮುಚ್ಚಿದರು.

ಹೊಟ್ಟೆಯ ಬಾಗಿಲು ತೆರೆದದ್ದೂ ತಡವಾಗಿ. 1920, 1921 ಎರಡು ವರ್ಷ ವೋಲ್ಗಾ ಸೀಮೆಯಲ್ಲಿ ಮಳೆ ಕೈಕೊಟ್ಟಿತು. ಬರ ಆ ಸೀಮೆಗೆ ಹೊಸದಲ್ಲ. ಬರಕ್ಕೆಂದೇ ರೈತ ಕಣಜದಲ್ಲಿ ಕಾಳು ಉಳಿಸಿಡುತ್ತಿದ್ದ. ಆ ಕಣಜವನ್ನೇ ಎಲ್ಲರೂ ಸರದಿಯಲ್ಲಿ ಬಳಿದಿದ್ದರು. ಸಮಾರಾ, ಸರಾತೋವ್ ಕಡೆ ಜನ ಹುಲ್ಲು, ತೊಗಟೆ ತಿಂದರು. ಹೇಳಬಾರದ್ದನ್ನೂ ತಿಂದರು. ಸತ್ತವರು ಸುಮಾರು 50 ಲಕ್ಷ. ಲೇಖಕ ಗಾರ್ಕಿ ಜಗತ್ತಿನ ಮುಂದೆ ಕೈಯೊಡ್ಡಿದ. ಹೂವರ್ (ಮುಂದೆ ಅಮೆರಿಕದ ಅಧ್ಯಕ್ಷನಾದವನು) ನಡೆಸುತ್ತಿದ್ದ ಅಮೆರಿಕದ ಪರಿಹಾರ ಸಂಸ್ಥೆ ಬಂದು 1922ರ ಬೇಸಿಗೆಯಲ್ಲಿ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನರಿಗೆ ಉಣಬಡಿಸಿತು. ಬಂಡವಾಳಶಾಹಿ ದೇಶದ ಮೆಕ್ಕೆಜೋಳದ ಗಂಜಿ ಕುಡಿದು ಕ್ರಾಂತಿಯ ಮಕ್ಕಳು ಬದುಕಿದರು.

ಬದುಕಿದ ಮಕ್ಕಳಲ್ಲಿ 40ರಿಂದ 70 ಲಕ್ಷ ಜನರಿಗೆ ಅಪ್ಪ ಅಮ್ಮ, ಮನೆ ಇರಲಿಲ್ಲ. ಸ್ಟೇಷನ್ನಿನಲ್ಲಿ, ಟಾರು ಕಾಯಿಸುವ ಕಡಾಯಿಗಳ ಒಳಗೆ ಬೆಚ್ಚಗೆ ಮಲಗುತ್ತಿದ್ದ ಆ ಮಕ್ಕಳಿಗೆ "ಬೆಸ್ಪ್ರಿಜೋರ್ನಿ" ಅಂತ ಹೆಸರು. ನೋಡಿಕೊಳ್ಳುವವರಿಲ್ಲದವರು ಅಂತ ಅರ್ಥ.

ಹಾಗಾದರೆ ತಪ್ಪು ಯಾರದು?

ಎಲ್ಲಕ್ಕೂ ಯುದ್ಧವೇ ಕಾರಣ, ಸಿದ್ಧಾಂತದ ತಪ್ಪಿಲ್ಲ ಅಂತ ಹೇಳಿದರೆ ಅದು ಸುಳ್ಳು. ಮಾರುಕಟ್ಟೆಯೇ ಪಾಪ, ಧಾನ್ಯ ಇಟ್ಟುಕೊಂಡ ರೈತನೆಲ್ಲ ಶತ್ರು ಅನ್ನೋ ನಂಬಿಕೆ ಇಲ್ಲದಿದ್ದರೆ 1920ರ ಕೊನೆಯಲ್ಲೇ ಲೆವಿ ನಿಲ್ಲಿಸಬಹುದಿತ್ತು. ಎಲ್ಲಕ್ಕೂ ಸಿದ್ಧಾಂತವೇ ಕಾರಣ ಅನ್ನೋದೂ ಸುಳ್ಳು. ಲೆವಿ ಚಕ್ರವರ್ತಿಯದು, ಧಾನ್ಯದ ಏಕಸ್ವಾಮ್ಯ ತಾತ್ಕಾಲಿಕ ಸರ್ಕಾರದ್ದು. ಅಂತರ್ಯುದ್ಧದಲ್ಲಿ ಸತ್ತ 70 ಲಕ್ಷದಿಂದ ಒಂದು ಕೋಟಿ ಜನರಲ್ಲಿ ಬಹುಪಾಲು ಗುಂಡಿಗೆ ಸತ್ತವರಲ್ಲ. ಹಸಿವಿಗೆ, ಜ್ವರಕ್ಕೆ ಸತ್ತವರು.

ನನಗೆ ಅನ್ನಿಸೋದು ಇಷ್ಟು. ಯುದ್ಧ ಒಂದು ಉಪಕರಣವನ್ನು ಮಾಡಿಕೊಟ್ಟಿತು, ಸಿದ್ಧಾಂತ ಅದಕ್ಕೊಂದು ಸಮರ್ಥನೆ ಕೊಟ್ಟಿತು. ತುರ್ತಿಗೆ ಅಂತ ಬರೆದ ಕೋಡು ಪ್ರೊಡಕ್ಷನ್ನಿನಲ್ಲಿ ವರ್ಷಗಟ್ಟಲೆ ಉಳಿದುಬಿಡೋದನ್ನ ನಾವು ಎಷ್ಟು ಸಲ ನೋಡಿಲ್ಲ? ಸರ್ಕಾರಗಳದೂ ಅದೇ ಕತೆ, ಬೆಲೆ ಕಟ್ಟುವವರು ಮಾತ್ರ ಬೇರೆ.

1918ರ ಜೂನಿನಲ್ಲಿ ದಕ್ಷಿಣದಿಂದ ಧಾನ್ಯ ತರಿಸುವ ಕೆಲಸಕ್ಕೆ ಅಂತ ವೋಲ್ಗಾ ದಡದ ತ್ಸಾರಿತ್ಸಿನ್ ಎಂಬ ಊರಿಗೆ ಪಕ್ಷದ ಒಬ್ಬ ಮುಖಂಡನನ್ನು ಕಳಿಸಿದರು. ಅವನು ಅಲ್ಲಿ ಧಾನ್ಯದ ಜೊತೆ ಸೈನ್ಯದ ಅಧಿಕಾರವನ್ನೂ ಕೈಗೆ ತಗೊಂಡ, ಅನುಮಾನ ಬಂದವರನ್ನು ಕೊಲ್ಲಿಸಿದ, ಕಷ್ಟದ ಪ್ರಶ್ನೆಗೆ ಬಂದೂಕಿನ ಉತ್ತರ ಬೇಗ ಸಿಗುತ್ತೆ ಅಂತ ಕಲಿತ. ಅವನ ಹೆಸರು ಸ್ಟಾಲಿನ್. ಹತ್ತು ವರ್ಷದ ನಂತರ, 1928ರಲ್ಲಿ, ರೈತರು ಮತ್ತೆ ಸರ್ಕಾರದ ಬೆಲೆಗೆ ಧಾನ್ಯ ಮಾರಲಿಲ್ಲ. ಯುದ್ಧ ಇರಲಿಲ್ಲ, ಮುತ್ತಿಗೆ ಇರಲಿಲ್ಲ. ಆದರೂ ಅವನು ಸೈಬೀರಿಯಾಕ್ಕೆ ತಾನೇ ಹೋಗಿ ಹಳೇ ಉಪಕರಣವನ್ನು ಹೊರತೆಗೆದ. ಮುಂದೆ ಸಾಮೂಹಿಕ ಕೃಷಿಯ ಒತ್ತಾಯ, ಅದರ ಹಿಂದೆ 1932-33ರ ಕ್ಷಾಮ. ಉಕ್ರೇನ್, ಕಜಾಕ್‌ಸ್ತಾನ್, ವೋಲ್ಗಾ ಸೀಮೆಗಳಲ್ಲಿ ಮತ್ತೆ ಲಕ್ಷಾಂತರ ಜನ ಸತ್ತರು.

ಬ್ರೆಡ್ ಕೊಡಿ ಅಂತ ಬೀದಿಗಿಳಿದ ಆ ಮಿಲ್ಲಿನ ಹೆಂಗಸರ ಹೆಸರು ನಮಗೆ ಹೆಚ್ಚಾಗಿ ಗೊತ್ತಿಲ್ಲ. ರೈಲಿನ ಮೇಲ್ಛಾವಣಿಯಲ್ಲಿ ಚೀಲ ತಬ್ಬಿಕೊಂಡು ಕೂತವರ ಹೆಸರೂ ಗೊತ್ತಿಲ್ಲ. ರಷ್ಯಾದ ಕ್ರಾಂತಿ ಸರಿಯೋ ತಪ್ಪೋ ಅಂತ ಜಗಳ ಆಡೋಣ, ಬೇಡ ಅನ್ನಲ್ಲ. ಆದರೆ ಯಾವ ದೇಶದ್ದೇ ಆಗಲಿ, ಯಾವ ಬಣ್ಣದ ಬಾವುಟದ್ದೇ ಆಗಲಿ, ಒಂದು ಸರ್ಕಾರವನ್ನು ಅಳೆಯುವಾಗ ನಾನು ಈಗ ಮೊದಲು ಕೇಳಿಕೊಳ್ಳೋದು ಒಂದು ಪ್ರಶ್ನೆ. ಒಂದೂವರೆ ಪೂಡ್ ಹಿಟ್ಟು ಹೊತ್ತು ಮನೆಗೆ ಬರುತ್ತಿರುವ ಆ ಹೆಂಗಸನ್ನ ಇವರು ಏನಂತ ಕರೀತಾರೆ? ಅಪರಾಧಿ ಅಂತಲೋ, ಮಕ್ಕಳ ತಾಯಿ ಅಂತಲೋ?

ನಿಮಗೇನನ್ನಿಸುತ್ತೆ?